ಜಟಗನ ಕಾವಲಿನಲ್ಲಿದ್ದ ಅನಿಲ ಕೊಳವೆ

ಮಾನ್ಯ ಸಕ್ಷಮ ಪ್ರಾಧಿಕಾರಿಗಳೇ,

‘ಸಕ್ಷಮ’ ಎಂಬುದು ಸರ್ಕಾರ ತಮ್ಮ ಹುದ್ದೆಗೆ ಅಂಟಿಸಿದ ವಿಶೇಷಣ. ಆ ವ್ಯಂಗ್ಯ ನನ್ನದಲ್ಲ. ಬೊಬ್ರುವಾಡದಲ್ಲಿ ಅನಿಲ ಕೊಳವೆ ಹೂತಿರುವ ಪಟ್ಟಿಯ ಮೇಲೆಯೇ ಎಂಟು ಮನೆಗಳ ಲೇಔಟ್ ಏಳುತ್ತಿದೆ. ಬರುವ ಸೋಮವಾರ ಅಲ್ಲಿ ಸಂಡಾಸಿನ ಗುಂಡಿ ತೋಡಲು ಜೆಸಿಬಿ ಬರುತ್ತದೆ. ಗುಂಡಿಯ ಆಳ ಎಂಟು ಅಡಿ, ಕೊಳವೆಯ ಆಳ ನಾಲ್ಕು. ಮುಂದಿನದನ್ನು ಊಹಿಸಲು ಹುದ್ದೆಯೇನೂ ಬೇಕಿಲ್ಲ.

ಕೂಲಿ ಮಾಡುವ ತಿಮ್ಮಕ್ಕನ ಮನೆ ಲೇಔಟಿನ ಪಕ್ಕದಲ್ಲೇ. ಅದೇ ಪಟ್ಟಿ ಅವಳ ಹಿತ್ತಲನ್ನೂ ಹಾದಿದೆ. ಮೂರು ವರ್ಷದ ಹಿಂದೆ ಅವಳು ನಾಲ್ಕು ತೆಂಗಿನ ಮಡಲು ಕಟ್ಟಿ ಬಚ್ಚಲು ಮಾಡಿಕೊಂಡಾಗ ತಮ್ಮವರು ಜೀಪಿನಲ್ಲಿ ಬಂದು ಕೀಳಿಸಿದ್ದರು. ಅವಳ ಹಿತ್ತಲಿನ ನುಗ್ಗೆಮರದ ಬೇರೂ ಕೊಳವೆಗೆ ಅಪಾಯವೆಂದಿದ್ದರು. ಕಾಂಕ್ರೀಟಿಗೆ ಬೇರಿಲ್ಲ ಎಂಬುದು ತಮ್ಮ ಸಸ್ಯಶಾಸ್ತ್ರವೇ?

ಲೇಔಟಿನವರು ಪಟ್ಟಿಯ ಹಳದಿ ಗುರುತಿನ ಕಲ್ಲುಗಳನ್ನು ಒಂದೊಂದಾಗಿ ಕಿತ್ತರು. ತಿಮ್ಮಕ್ಕನ ಬೇಲಿಯಂಚಿನದೊಂದು ಉಳಿಯಿತು. ಅದನ್ನು ನೆಡುವಾಗ ತಮ್ಮ ಸರ್ವೆಯವರು, “ಇದನ್ನು ಅಲುಗಿಸಿದರೆ ಊರಿಗೇ ಕೇಡು” ಎಂದಿದ್ದರಂತೆ. ನಮ್ಮ ಕಡೆ ಅಂಥ ಕಲ್ಲು ಊರು ಕಾಯುವ ದೈವ ಜಟಗನಲ್ಲದೆ ಬೇರೇನಾದೀತು? ಅವಳು ಕುಂಕುಮವಿಟ್ಟಳು, ದಾಸಾಳದ ಹೂ ಮುಡಿಸಿದಳು, ಅಮಾವಾಸ್ಯೆಗೆ ಕಾಯಿ ಒಡೆದಳು. ಆ ಕಲ್ಲು ಕೀಳಲು ಬಂದ ಜೆಸಿಬಿ ಚಾಲಕ ರೂಪೇಶ ಬಕೆಟ್ ಇಳಿಸಲೇ ಇಲ್ಲ. “ಜಟಗನ ಮೈಗೆ ನಾ ಬಕೆಟ್ ತಾಗ್ಸುದಿಲ್ಲ. ಬೇಕಾರೆ ನೀವೇ ಹತ್ತಿ ಕೂತ್ಕಣಿ” ಎಂದು ಲೇಔಟಿನ ಮೇಸ್ತ್ರಿಗೆ ಹೇಳಿ ಬೀಡಿ ಹಚ್ಚಿದ. ತಮ್ಮ ನೋಟಿಸುಗಳಿಂದ ಆಗದ್ದನ್ನು ಒಂದು ದಾಸಾಳ ಮಾಡಿತ್ತು.

ಕೆಡಿಸಿದವಳು ನಾನು. ಎಂ.ಎ. ಮಾಡಿ, ಕವಿತೆ ಓದಿಕೊಂಡು ಕೂರುವವಳಿಗೆ ಸತ್ಯ ಹೇಳುವ ತೀಟೆ. ಅನಿಲವೆಂದರೆ ಹೆದರಿಯಾರು ಎಂದು ಎಲ್ಲರೆದುರೇ ಹೇಳಿಬಿಟ್ಟೆ: “ತಿಮ್ಮಕ್ಕಾ, ಇದು ದೇವರಲ್ಲ, ಸರ್ಕಾರದ ಕಲ್ಲು. ಕೆಳಗೆ ಗ್ಯಾಸ್ ಉಂಟು.”

ಮೇಸ್ತ್ರಿ ನಕ್ಕ. “ಸರ್ಕಾರದ್ದಾ? ಹಂಗಾರೆ ಹೆದ್ರೂದು ಎಂತಕ್ಕೆ!”

ಮರುದಿನ ಕಲ್ಲಿರಲಿಲ್ಲ. “ಅಕ್ಕೋರೆ, ನೀವು ಸುಮ್ನಿದ್ದಿದ್ರೆ ಅಂವ ಕಾಯ್ತಿದ್ದ” ಎಂದಳು ತಿಮ್ಮಕ್ಕ. ದೇವರಲ್ಲವೆಂದಾದ ಮೇಲೆ ಆ ಕೊಳವೆಯನ್ನು ಕಾಯಲು ಉಳಿದವರು ತಾವೊಬ್ಬರು. ಅಂದರೆ ಯಾರೂ ಇಲ್ಲ.

ತಮ್ಮ ಕಚೇರಿಗೆ ಫೋನ್ ಮಾಡಿದರೆ, ಲೇಔಟಿಗೆ ಅನುಮತಿ ಕೊಟ್ಟದ್ದು ಬೇರೆ ಇಲಾಖೆ ಎನ್ನುತ್ತಾರೆ. ಕೊಳವೆ ಒಡೆದರೆ ಅನಿಲ ಇಲಾಖೆಯ ಹೆಸರು ಕೇಳಿಕೊಂಡು ಹೊರಗೆ ಬರುತ್ತದೆಯೇ? ಗುಂಡಿ ತೋಡುವ ಜಾಗದಿಂದ ತಿಮ್ಮಕ್ಕನ ಒಲೆಗೆ ಹನ್ನೆರಡು ಹೆಜ್ಜೆ. ಗಂಜಿ ಬೇಯಿಸಲು ಅವಳು ದಿನಾ ಅಲ್ಲಿ ಬೆಂಕಿ ಹಚ್ಚುತ್ತಾಳೆ.

ಆದ್ದರಿಂದ ಸೋಮವಾರ ಬೆಳಿಗ್ಗೆ, ಜೆಸಿಬಿಗಿಂತ ಮೊದಲು, ತಾವೇ ಬಂದು ಅಲ್ಲಿ ನಿಲ್ಲಬೇಕು. ಕೆಲಸ ನಿಲ್ಲಿಸಿ, ಕಿತ್ತ ಕಲ್ಲುಗಳನ್ನು ಮತ್ತೆ ನೆಡಿಸಬೇಕು. ನಕಾಶೆ ಸಿಗದಿದ್ದರೆ ಬರಿಗೈಯಲ್ಲೇ ಬನ್ನಿ. ಕೊಳವೆ ಎಲ್ಲಿದೆಯೆಂದು ತಿಮ್ಮಕ್ಕ ತೋರಿಸುತ್ತಾಳೆ.

ಇಂತಿ,
ಸೋಮವಾರದವರೆಗೆ ಮಾತ್ರ ತಮ್ಮ ವಿಶ್ವಾಸಿ,
ಜಯಂತಿ, ಬೊಬ್ರುವಾಡ