ಬೋರ್ಡಿನ ಮೇಲೆ ಉಳಿದ ಟಿ

ಕಾಂತರಾಜ್ ಸರ್ ಅವರಿಗೆ ಚಂದನ ಮಾಡುವ ನಮಸ್ಕಾರಗಳು.

ನಾವು ಒಬ್ಬರನ್ನೊಬ್ಬರು ನೋಡಿಲ್ಲ. ಮುಳಬಾಗಿಲಿನ ಈ ಪಿಯು ಕಾಲೇಜಿಗೆ ನಾಳೆಯಿಂದ ನೀವು ಕಾಯಂ ಗಣಿತ ಉಪನ್ಯಾಸಕರು. ನಾನು ಇವತ್ತಿನವರೆಗೆ ಅತಿಥಿ ಉಪನ್ಯಾಸಕಿ. ಮಾಲೂರಿನಿಂದ ನಿಮಗೆ ಇಲ್ಲಿಗೆ ವರ್ಗವಾಗಿದೆ ಎಂದು ತಿಳಿದ ದಿನ ನನಗೆ ಸಂತೋಷವಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಶ್ರೀನಿವಾಸಪುರದ ಬಸ್ಸಿನಲ್ಲಿ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನಿಮ್ಮನ್ನು ಮನಸ್ಸಿನಲ್ಲೇ ಬೈದುಕೊಂಡೆ. ಬಸ್ಸಿಳಿಯುವ ಹೊತ್ತಿಗೆ ಸಮಾಧಾನವಾಗಿತ್ತು.

ಬೀರುವಿನ ಕೀಲಿ ಆಫೀಸಿನಲ್ಲಿದೆ. ದ್ವಿತೀಯ ಪಿಯು ಪಾಠ ಅನುಕಲನದವರೆಗೆ ಬಂದಿದೆ. ನೀವು ಕಟ್ಟುನಿಟ್ಟಿನವರೆಂದು ಹುಡುಗರು ಆಗಲೇ ಪತ್ತೆ ಹಚ್ಚಿದ್ದಾರೆ. ಉತ್ತರ ಪುಸ್ತಕದಲ್ಲಿದ್ದಂತೆಯೇ ಇಲ್ಲದಿದ್ದರೆ ಕೆಂಪು ಗೆರೆ ಎಳೆದುಬಿಡುತ್ತೀರಂತೆ. ಅದು ಬರೀ ಪುಕಾರಿರಬಹುದು. ನಿಜವಾಗಿದ್ದರೆ ಎಂಬ ಭಯಕ್ಕೆ ಈ ಪತ್ರ.

ಎರಡನೇ ಬೆಂಚಿನಲ್ಲಿ ಸಹನ ಎಂಬ ಹುಡುಗಿ ಕೂರುತ್ತಾಳೆ, ಬೈರಕೂರಿನವಳು. ಟ್ಯಾನ್ ಎಕ್ಸ್‌ನ ಅನುಕಲನ ಮಾಡಿಕೊಂಡು ಬನ್ನಿ ಎಂದು ಒಮ್ಮೆ ಮನೆಗೆಲಸ ಕೊಟ್ಟಿದ್ದೆ. ಅವಳು ಸೈನನ್ನು ಕಾಸ್‌ನಿಂದ ಭಾಗಿಸಿ ಬರೆದು, ಕಾಸ್ ಎಕ್ಸ್ ಜಾಗದಲ್ಲಿ ಟಿ ಇಟ್ಟು, ಮೈನಸ್ ಲಾಗ್ ಕಾಸ್ ಎಕ್ಸ್ ಎಂದು ಸರಿಯಾಗಿಯೇ ಮುಗಿಸಿದ್ದಳು. ಪುಸ್ತಕದ ಹಿಂದೆ ನೋಡಿದರೆ ಲಾಗ್ ಸೆಕ್ ಎಕ್ಸ್ ಎಂದಿದೆ. ತಾನೇ ತನ್ನ ಲೆಕ್ಕಕ್ಕೆ ಅಡ್ಡಗೆರೆ ಎಳೆದಳು. ಮಾರನೆಯ ದಿನದಿಂದ ಕಾಲೇಜಿಗೆ ಬರಲಿಲ್ಲ.

ಒಂದು ಭಾನುವಾರ ಬೈರಕೂರಿಗೆ ಹೋದೆ. ಅವಳು ಅಜ್ಜಿ ಕೊಂಡಮ್ಮನ ಜೊತೆ ಟೊಮೇಟೊ ಆರಿಸುತ್ತಿದ್ದಳು. ಅಜ್ಜಿ, "ಏನ್ ಮಾಡ್ಲಮ್ಮ, ಲೆಕ್ಕ ನನ್ ತಲೆಗೆ ಹತ್ತಲ್ಲ ಅಂತ ಕೂತವ್ಳೆ. ಹಂಗಾದ್ರೆ ತೋಟಕ್ಕಾದ್ರೂ ಬಾ ಅಂದೆ" ಎಂದಳು. ನಾನು ಕ್ರೇಟ್ ಬೋರಲು ಹಾಕಿ ಕೂತು, ಅವಳ ನೋಟ್‌ಬುಕ್ ತರಿಸಿ, ಅವಳು ಹೊಡೆದುಹಾಕಿದ್ದ ಲೆಕ್ಕದ ಕೆಳಗೆ ಒಂದೇ ಸಾಲು ಬರೆದೆ. ಮೈನಸ್ಸನ್ನು ಲಾಗ್ ಒಳಗೆ ತೆಗೆದುಕೊಂಡರೆ ಕಾಸ್ ತಲೆಕೆಳಗಾಗುತ್ತದೆ. ತಲೆಕೆಳಗಾದ ಕಾಸ್ ಸೆಕ್ ತಾನೆ? ಅವಳು ಆ ಸಾಲಿನ ಮೇಲೆ ಬೆರಳಾಡಿಸಿದಳು. "ಹಂಗಾದ್ರೆ ನಂದು ತಪ್ಪಾಗಿರ್ಲಿಲ್ವಾ ಮಿಸ್?" ಎಂದಳು. ಆ ಮುಖವನ್ನು ನಾನು ಇನ್ನೂ ಮರೆತಿಲ್ಲ. ಸೋಮವಾರ ಕ್ಲಾಸಿಗೆ ಬಂದಳು.

ಈಗ ಬೇಕೆಂದೇ ಮೈನಸ್ ಲಾಗ್ ಕಾಸ್‌ಗೆ ನಿಲ್ಲಿಸುತ್ತಾಳೆ, ಮುಂದಿನ ಸಾಲು ಬರೆಯುವುದಿಲ್ಲ. ಹಟ. "ಪುಸ್ತಕದ ತರ ಬರೀಬಾರ್ದೇನೇ?" ಎಂದರೆ, "ಎರಡೂ ಒಂದೇ ಅಂತ ನೀವೇ ಹೇಳಿದ್ರಲ್ಲ" ಎಂದು ನನ್ನ ಬಾಯಿ ಮುಚ್ಚಿಸುತ್ತಾಳೆ. ಹೊಸ ಮೇಷ್ಟ್ರು ಬಂದ ಮೊದಲ ವಾರವೇ ಅದರ ಮೇಲೆ ಕೆಂಪು ಗೆರೆ ಬಿದ್ದರೆ ಅವಳು ವಾದ ಮಾಡುವುದಿಲ್ಲ ಸರ್, ಸುಮ್ಮನೆ ತೋಟಕ್ಕೆ ಹೋಗುತ್ತಾಳೆ. ಆಗ ಕರೆದುತರಲು ನಾನಿರುವುದಿಲ್ಲ.

ಇವತ್ತು ಕಾಟ್ ಎಕ್ಸ್ ಹೇಳಿಕೊಡುವ ಮೊದಲು ಟ್ಯಾನ್ ಎಕ್ಸ್ ಲೆಕ್ಕವನ್ನೇ ಮತ್ತೊಮ್ಮೆ ಹಾಕಿದೆ. ಮೈನಸ್ ಲಾಗ್ ಟಿ ಎಂಬಲ್ಲಿಗೆ ಬೆಲ್ ಹೊಡೆಯಿತು. ಅದನ್ನು ಒರೆಸಬೇಡ ಎಂದು ಅಟೆಂಡರ್ ಆಂಜಿನಮ್ಮನಿಗೆ ಹೇಳಿದ್ದೇನೆ. ಟಿ ನಡುವೆ ಬಂದು ಕೆಲಸ ಮಾಡಿಕೊಡುತ್ತದೆ ಅಷ್ಟೇ, ಉತ್ತರದಲ್ಲಿ ಅದನ್ನು ಉಳಿಸಿದರೆ ಮಾರ್ಕ್ಸ್ ಹೋಗುತ್ತದೆ ಎಂದು ಈ ಹುಡುಗರನ್ನು ಎಷ್ಟು ಬೈದಿದ್ದೇನೋ. ಇವತ್ತು ಡಸ್ಟರ್ ಕೈಯಲ್ಲಿದ್ದರೂ ನನಗೇ ಅದನ್ನು ಅಳಿಸಲು ಮನಸ್ಸಾಗಲಿಲ್ಲ.

ನಾಳೆ ಅದನ್ನು ಅಳಿಸಲು ಸಹನಳನ್ನೇ ಕರೆಯಿರಿ. ಟಿ ಜಾಗದಲ್ಲಿ ಕಾಸ್ ಎಕ್ಸ್ ಬರೆದು ಅವಳು ನಿಮ್ಮ ಮುಖ ನೋಡುತ್ತಾಳೆ. ಆಗ "ಸರಿ" ಎಂದುಬಿಡಿ.

ಈ ಮಕ್ಕಳು ನಿಮಗೆ ಒಳ್ಳೆಯ ಹೆಸರು ತರಲಿ.

ಇಷ್ಟು ದಿನ ನಿಮ್ಮ ಜಾಗದಲ್ಲಿ ನಿಂತಿದ್ದ,
ಚಂದನ