ಸಿಹಿ ಬಂತು ಸಾರ್

೧೮ ನವೆಂಬರ್ ೨೦೨೪, ಸಂಜೆ

ಸಭಿಕರೆಲ್ಲರಿಗೂ ವಂದನೆ; ಸುರಂಗದಲ್ಲೇ ಕೂದಲು ನರೆತ ಹಿರಿಯರಿಗೆ ಕೃತಜ್ಞತೆ — ಶನಿವಾರದ ಸುರಕ್ಷತಾ ಸಭೆಯ ನನ್ನ ಭಾಷಣಕ್ಕೆ ಆರಂಭ ಇದು. ಕೊನೆಯ ಸಾಲೂ ಸಿದ್ಧ: "ಮಾಸ್ಕ್ ಧರಿಸಿ, ಕೆಲಸ ಆರಂಭಿಸೋಣ."

ಇಂದೂ ನವುಲೆಯಿಂದ ಬಸ್ಸಿನಲ್ಲಿ ಭದ್ರಾವತಿ ಆಚೆಯ ನೀರಿನ ಸುರಂಗಕ್ಕೆ. ಬಂಡೆ ಕೊರೆಯುವ ಹುಡುಗರಿಗೆ ಪಾಠ. ಕಲ್ಲಿನ ಸಿಲಿಕಾ ಧೂಳು ಶ್ವಾಸಕೋಶಕ್ಕಿಳಿದರೆ ಮರಳಿ ಬರುವುದಿಲ್ಲ. ನಾಳೆ ಮಾಸ್ಕ್ ಪರೀಕ್ಷೆ. ಪಾಸಾದರೆ ದುಶ್ಯಂತನಿಗೆ ಡ್ರಿಲ್ಲರ್ ಕೆಲಸ ಕಾಯಂ. ಶಿಫಾರಸು ನನ್ನದೇ. ಒಳ್ಳೆಯ ಹುಡುಗ.

೧೯ ನವೆಂಬರ್

ಮಾಸ್ಕ್ ಹಾಕಿಸಿ, ತಲೆಗೆ ಮುಸುಕು ತೊಡಿಸಿ, ಒಳಗೆ ಸ್ಯಾಕರಿನ್ ಸಿಂಪಡಿಸುವುದು. ಬಾಯಿಗೆ ಸಿಹಿ ತಗುಲಿದರೆ ಮಾಸ್ಕ್ ಸೋರುತ್ತಿದೆ ಎಂದರ್ಥ. ಹೇಳಿದ್ದೆ... ಹೇಳಿದ್ದೆನೇ?

"ಸಿಹಿ ಬಂತು ಸಾರ್!" ದುಶ್ಯಂತ್ ಕೈಮುಗಿದ.

"ಸ್ವಾಮಿಗೆ ಪ್ರಸಾದ ಸಿಕ್ತು ಮಾರಾಯ!" — ಉಳಿದವರ ಚಪ್ಪಾಳೆ.

ಕಪ್ಪು ಬಟ್ಟೆ, ಕೊರಳಲ್ಲಿ ಅಯ್ಯಪ್ಪನ ಮಾಲೆ, ಕೆನ್ನೆ ತುಂಬ ಗಡ್ಡ. ಸೋರುತ್ತಿರುವುದು ಅಲ್ಲೇ. ಗಡ್ಡ ತೆಗೆಯಬೇಕು ಎಂದೆ.

"ಯಾತ್ರೆ ಮುಗಿಯೋವರ್ಗೂ ಬ್ಲೇಡ್ ಮುಟ್ಟೋ ಹಾಗಿಲ್ಲ ಸಾರ್. ಒಳಗೆ ಬಿಡಲ್ವಾ ನನ್ನ?"

ಮಾಲೆ ಹಾಕಿದವನನ್ನು ನಾನೂ "ಸ್ವಾಮಿ" ಎಂದೇ ಕರೆಯಬೇಕು. ಸ್ವಾಮಿಗೆ ಅಪ್ಪಣೆ ಕೊಡುವುದು ಹೇಗೆ? ವ್ರತ ಕೆಡಿಸಲೇ, ಉಸಿರು ಕೆಡಿಸಲೇ?

೨೨ ನವೆಂಬರ್

ಎರಡು ದಿನ ಬರೆಯಲಾಗಲಿಲ್ಲ. ಗಡ್ಡವಿದ್ದವರಿಗೂ ಆಗುವ, ಒಳಗೆ ಶುದ್ಧ ಗಾಳಿ ಊದುವ ಸಡಿಲ ಹುಡ್ ಇದೆಯಂತೆ. ಸೇಫ್ಟಿ ಎಂಜಿನಿಯರ್ ದಿವ್ಯಶ್ರೀ ಆರ್ಡರ್ ಮಾಡಿದ್ದಾಳೆ. ಬರಲು ವಾರಗಳು ಬೇಕು.

"ಅಲ್ಲೀವರ್ಗೂ ಅಯ್ಯಪ್ಪ ನೋಡ್ಕೋತಾನೆ ಬಿಡಿ ಸಾರ್," ಎಂದ ಸೂಪರ್‌ವೈಸರ್ ಯೋಗರಾಜ್.

ಸಿಟ್ಟಿನಿಂದ ಅವನ ಹಿಂದೆಯೇ ಸುರಂಗದೊಳಗೆ ಹೋದೆ. ದೀಪದ ಸುತ್ತ ಬಿಳಿ ಮಂಜು. ಡ್ರಿಲ್ ನೀರಿಲ್ಲದೆಯೇ ಓಡುತ್ತಿದೆ. ನೀರಿನ ಪೈಪು ಮೂಲೆಯಲ್ಲಿ ಸುರುಳಿ.

"ನೀರೆಲ್ಲಿ?"

"ಪಂಪ್ ಕೆಟ್ಟು ವಾರ ಆಯ್ತು ಸಾರ್. ಮಾಸ್ಕ್ ಇದೆಯಲ್ಲ, ನೀವೇ ಹೇಳಿದ್ದು."

ನಾನೇ ಹೇಳಿದ್ದು! ಗಡ್ಡ ನೋಡುತ್ತಾ ಕುಳಿತೆ. ಧೂಳು ಏಳದಂತೆ ತಡೆಯುವ ನೀರನ್ನು ವಿಚಾರಿಸಲೇ ಇಲ್ಲ. ಕೂಡಲೇ ದಿವ್ಯಶ್ರೀಯನ್ನು ಕರೆಸಿದೆ; ಬಂದು ಡ್ರಿಲ್ ನಿಲ್ಲಿಸಿದಳು.

೨೩ ನವೆಂಬರ್, ಬೆಳಿಗ್ಗೆ

ಪಂಪ್ ರಿಪೇರಿಯಾಗಿದೆಯೆಂದು ಫೋನ್. ಹುಡ್ ಬಂದ ಮೇಲೆ ದುಶ್ಯಂತನಿಗೆ ಮರುಪರೀಕ್ಷೆ, ದಿವ್ಯಶ್ರೀ ಒಪ್ಪಿದ್ದಾಳೆ. ಅಲ್ಲಿಯವರೆಗೆ ಅವನು ಹೊರಗೆ, ನೀರಿನ ವಾಲ್ವ್ ಹತ್ತಿರ. ಅವನು ತಿರುಗಿಸದೆ ಒಳಗೆ ಡ್ರಿಲ್ ಮುಟ್ಟುವಂತಿಲ್ಲ.

"ಇದು ಪನಿಶ್‌ಮೆಂಟಾ, ಪ್ರಮೋಷನ್ನಾ ಸಾರ್?" ಫೋನಿನಲ್ಲಿ ತಿಳಿಸಿದಾಗ ಕೇಳಿದ. ನನಗೂ ಸ್ಪಷ್ಟವಿಲ್ಲ. ಇನ್ನು ಸಿಹಿ ಬಂದರೆ ಯಾರೂ ಚಪ್ಪಾಳೆ ತಟ್ಟಬಾರದು — ಅಷ್ಟು ಮಾತ್ರ ಸ್ಪಷ್ಟ.

ಭಾಷಣದ ಕೊನೆಯ ಸಾಲು ಹೊಡೆದುಹಾಕಿದೆ. ಹೊಸದು:

ಸ್ವಾಮೀ, ಮೊದಲು ನೀರು ಬಿಡಿ. ಬಂಡೆ ಒದ್ದೆಯಾಗಲಿ. ಆಮೇಲೆ ಮಾಸ್ಕ್. ಆಮೇಲೆ, ಮಕ್ಕಳೇ, ಆರಂಭಿಸೋಣ.