ಪಥ್ಯದ ಚಪಾತಿ

ಕೊಕ್ಕರ್ಣೆ, ಮಂಗಳವಾರ

ಅವ್ವಾ,

ನಿನ್ನ ಮಗಳು ಅಕ್ಕಿಯ ಸೀಮೆಗೆ ಬಂದು ಚಪಾತಿಯ ಕೈಗೆ ಸಿಕ್ಕಿಬಿದ್ದಳು! ಶಾಲೆಯ ಕೆಲಸಕ್ಕೆ ಸೇರಿದ ದಿನವೇ, ನನಗೆ ಊಟ ಹಾಕುವ ಸ್ನೇಹಲತಕ್ಕನಿಗೆ "ಗ್ಲುಟೆನ್ ಆಗಂಗಿಲ್ರಿ, ಡಾಕ್ಟರು ಪಥ್ಯ ಹೇಳ್ಯಾರ" ಎಂದೆ. ಮನೆಯವರಿಗೆಲ್ಲ ಕುಚ್ಚಲಕ್ಕಿ ಅನ್ನ, ಮೀನು ಸಾರು. ನನ್ನ ತಟ್ಟೆಗೆ ಮಾತ್ರ ನಾಲ್ಕು ಗೋಧಿ ಚಪಾತಿ! ಇಲ್ಲಿ ಪಥ್ಯವೆಂದರೆ ಸಕ್ಕರೆ ಕಾಯಿಲೆ, ಸಕ್ಕರೆ ಕಾಯಿಲೆಯೆಂದರೆ ಚಪಾತಿಯಂತೆ. ಅಕ್ಕನ ಮಾವ ಚಂದಯ್ಯನವರು ಆರು ವರ್ಷದಿಂದ ಅದನ್ನೇ ಅಗಿಯುತ್ತಿದ್ದಾರೆ.

"ಅಕ್ಕಾರ, ಗೋಧಿ ತಿಂದ್ರನ ನನ್ನ ಹೊಟ್ಟಿ ಕೆಡತೈತ್ರಿ. ಅನ್ನ ಎಷ್ಟಾದ್ರೂ ಉಣ್ತೀನಿ" ಎಂದೆ.

ಅಕ್ಕ ಸೌಟು ಹಿಡಿದುಕೊಂಡೇ ನಕ್ಕರು. "ಅದ್ ಎಂತ ಕಾಯ್ಲಿ ಟೀಚರೇ? ಹಂಗಾರೆ ನೀವ್ ನಮ್ಮೂರರೇ ಅಲ್ದಾ!"

ಅಂದಿನಿಂದ ನೀರುದೋಸೆ, ಕಡುಬು, ಹೆಸರುಕಾಳಿನ ಗಸಿ. ನನ್ನ ಬಂಗುಡೆ ಮೀನಿಗೆ ರವೆಯ ಬದಲು ಅಕ್ಕಿಹಿಟ್ಟು ಸವರಿ ಹುರಿಯುತ್ತಾರೆ. ಹೊಟ್ಟೆ ನೆಟ್ಟಗಿದೆ, ತೂಕ ಎರಡು ಕಿಲೋ ಏರಿದೆ. ಜೋಳದ ಹಿಟ್ಟು ಕಳಿಸು; ಗೋಧಿ ಬೀಸುವ ಗಿರಣಿಯದ್ದು ಬೇಡ, ಮನೆಯ ಬೀಸುಕಲ್ಲಿನದೇ ಆಗಲಿ.

ಕಾಗದದಲ್ಲಿ ಜಾಗ ಮುಗಿಯಿತು. ಒಳಗೆ ಗಲಾಟೆ ಬೇರೆ. ಚಂದಯ್ಯನವರು ಚಪಾತಿ ತಟ್ಟೆ ಆಚೆ ದೂಡಿ ಕೂತಿದ್ದಾರೆ: "ನಂಗೂ ಆ ಟೀಚರ್ ಕಾಯ್ಲಿಯೇ ಬಂದಿತ್. ಅನ್ನ ಬಡ್ಸ್!"

ಗಡಿಬಿಡಿಯಲ್ಲಿ,
ಗಂಗೂ